ಇಲ್ಲ ಅಂದ ಮಾತು

ಅಪ್ಪನ ಖಾತೆಯ ದುಡ್ಡಿಗೆ ಒಂದು ಸಹಿ ಗೀಚಿ ಹೊರಟುಬಿಡುವುದು, ಅಷ್ಟೇ ಎಂದುಕೊಂಡು ಲಾರಿಯಕ್ಕ ತಮ್ಮನ ಜೊತೆ ಬ್ಯಾಂಕಿಗೆ ಬಂದಿದ್ದಳು. ಲಾರಿ ಓಡಿಸುತ್ತೇನೆಂದು ಹಟ ಹಿಡಿದು ಮನೆ ಬಿಟ್ಟವಳು. ಅಪ್ಪನಿಗೂ ಅವಳಿಗೂ ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಕರೆದರೆ ಹೋಗುತ್ತೇನೆ ಎಂದು ಇವಳು, ಬಂದರೆ ಮಾತಾಡುತ್ತೇನೆ ಎಂದು ಅವರು. ಅಪ್ಪನಿಗೆ ತಕ್ಕ ಮಗಳು! ಅವರು ತೀರಿಕೊಂಡ ಸುದ್ದಿ ಇವಳಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗಾಲದಲ್ಲಾದರೂ ಅಪ್ಪನ ಸಿಟ್ಟು ಇಳಿದಿತ್ತೇ? ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಔಷಧಿ ಅಂಗಡಿ ಇಟ್ಟಿರುವ ತಮ್ಮನನ್ನು ಕೇಳಿದರೆ ಆಸಾಮಿ ನೆಲ ನೋಡುತ್ತಾನೆ.

ಕೌಂಟರಿನ ಮೇಡಂ ಅವಳ ಗುರುತಿನ ಚೀಟಿ ನೋಡಿದರು, ಕಂಪ್ಯೂಟರ್ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಅವಳನ್ನು ನೋಡಿದರು.

“ನೀವು ಅವರ ಮಗಳಾ?”

“ಮತ್ತೆ? ದಾರೀಲಿ ಹೋಗೋಳಾ?”

“ಹಾಗಲ್ಲಮ್ಮ. ನಾಮಿನಿ ನೀವೇ ಇದ್ರಿ. ಹೋದ ವರ್ಷ ನಿಮ್ಮಪ್ಪನೇ ಬಂದು ನಿಮ್ಮ ಹೆಸರು ತೆಗೆಸಿದ್ರು. ಬೇರೆಯವರ ಹೆಸರು ಹಾಕೋಣ್ವಾ ಅಂದ್ರೆ ಬೇಡ ಅಂದ್ರು. ಅದಕ್ಕೇ ಈಗ ಮಕ್ಕಳಿಬ್ಬರ ಸಹಿನೂ ಬೇಕು.”

“ಅಷ್ಟೊಂದು ಸಿಟ್ಟಾ?”

“ಸಿಟ್ಟೆಲ್ಲಿ ಬಂತಮ್ಮ! ಇದೇ ಕುರ್ಚೀಲಿ ಕೂತು ಬಿಕ್ಕಿಬಿಕ್ಕಿ ಅತ್ರು. ಮಗಳು ಅಪಘಾತದಲ್ಲಿ ಹೋಗ್ಬಿಟ್ಲು ಅಂದ್ರು. ನಾನೇ ನೀರು ಕೊಟ್ಟೆ.”

ಲಾರಿಯಕ್ಕನಿಗೆ ಮೊದಲು ನಗು ಬಂತು. ಅಪಘಾತವೇನೋ ಆಗಿತ್ತು. ಕೈ ಮುರಿದಿತ್ತು, ಕಟ್ಟು ಹಾಕಿಸಿಕೊಂಡು ಮರುದಿನವೇ ಆಸ್ಪತ್ರೆಯಿಂದ ಹೊರಬಿದ್ದಿದ್ದಳು. ಗುಂಡುಕಲ್ಲಿನ ಹಾಗೆ ಇಲ್ಲೇ ಕೂತಿದ್ದಾಳಲ್ಲ! ನಗುತ್ತಲೇ ತಮ್ಮನ ಕಡೆ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತ್ತು.

“ಏನೋ ಇದು? ಬಾಯಿ ಬಿಡೋ!”

“ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬಾ ಅಂತ ಅಪ್ಪನೇ ಕಳಿಸಿದ್ರಕ್ಕ. ನಾನು ಹೋಗೋಷ್ಟರಲ್ಲಿ ನೀನು ಹೊರಟುಹೋಗಿದ್ದೆ. ವಾಪಸ್ ಬಂದ್ರೆ ಅಪ್ಪ ಬಾಗಿಲಲ್ಲೇ ನಿಂತಿದ್ರು. ‘ಇದ್ದಾಳೇನೋ?’ ಅಂದ್ರು. ‘ಇಲ್ಲಪ್ಪ’ ಅಂದೆ. ಆಸ್ಪತ್ರೇಲಿ ಇಲ್ಲ ಅಂತ! ಅಷ್ಟೇ ಅಕ್ಕಾ, ನಾನು ಅಂದಿದ್ದು ಅಷ್ಟೇ. ಅವರು ಅಲ್ಲೇ ಕುಸಿದುಬಿಟ್ರು.”

“ಅಯ್ಯೋ ಪಾಪಿ! ಆಮೇಲಾದ್ರೂ ಹೇಳ್ಬಾರ್ದಿತ್ತಾ?”

“ಬಾಯಿ ತೆರೆದೆ. ಅಷ್ಟರಲ್ಲಿ ‘ನನ್ನ ಮಗಳೇ’ ಅಂದ್ಬಿಟ್ರು. ನಿನ್ನ ಸುದ್ದಿ ಎತ್ತಿದ್ರೆ ಎದ್ದು ಹೋಗ್ತಿದ್ದೋರು ಅವರು! ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಅನ್ಲಿ ಅನ್ನಿಸ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಆಮೇಲೆ ಹೇಳೋ ಧೈರ್ಯವೇ ಬರ್ಲಿಲ್ಲ. ತಪ್ಪೆಲ್ಲ ನಂದೇ ಅಂತ ದಿನಾ ಅಳೋರು.”

ಹೊಡೆಯಲೆಂದು ಎತ್ತಿದ ಅವಳ ಕೈ ಹಾಗೇ ನಿಂತಿತು. ಅಪ್ಪನ ಸಿಟ್ಟು ಇಳಿದಿತ್ತು, ಹೌದು. ತಾನೇ ಒಂದು ಫೋನು, ಒಂದೇ ಒಂದು ಫೋನು ಮಾಡಿದ್ದರೆ! ಮೇಡಂ ಮೆಲ್ಲಗೆ ಪೆನ್ನನ್ನು ಅವಳತ್ತ ಸರಿಸಿ, ಯಾಕೋ ಮತ್ತೆ ಹಿಂದಕ್ಕೆ ತೆಗೆದುಕೊಂಡರು.

“ಹಾಗಾದ್ರೆ ಹೋಗೋವಾಗ್ಲೂ ನಾನಿಲ್ಲ ಅಂತಲೇ...” ಅವಳು ತಮ್ಮನತ್ತ ಬಾಗಿದಳು.

ತಮ್ಮ ತಲೆ ಎತ್ತಲಿಲ್ಲ. “ನಾನು ಅಳ್ತಿದ್ದೆ. ನನ್ನ ಕೈ ಹಿಡ್ಕೊಂಡು, ‘ಯಾಕೋ ಅಳ್ತೀಯ, ಅವಳ ಹತ್ರ ತಾನೇ ಹೋಗ್ತಿರೋದು’ ಅಂದ್ರಕ್ಕ.”