ಮೂಟೆ ಹೊಲಿಗೆಯ ಸೈಕಲ್ಲು

ಮತ್ತೆ ಬಂತು ಆ ಕೆಂಪು ಪೆಟ್ಟಿಗೆ, ಮೂರನೇ ಸುತ್ತು, ಹೆಣ್ಣು ಸಿಗದ ಗಂಡಿನ ಥರ ಬೆಲ್ಟಿನ ಮೇಲೆ ಕೂತು ಒಂಟಿ ಮೆರವಣಿಗೆ, ಅದರ ಹಿಂದೆ ಕಿವಿ ಹರಿದ ಒಂದು ಬ್ಯಾಗು, ಅದರ ಹಿಂದೆ ಏನೂ ಇಲ್ಲ — ದಾರ ಮುಗಿದದ್ದು ಗೊತ್ತಾಗದೆ ಮೆಷಿನ್ನು ತುಳೀತಾನೇ ಇದ್ದ ಹಾಗಿದೆ ಇದು, ಅಂದ್ಕೊಂಡ್ಲು ಟೈಲರಮ್ಮ, ವಿಮಾನ ಇಳಿದು ಮುಕ್ಕಾಲು ಗಂಟೆ ಆಯ್ತು, ಎಲ್ಲರ ಗಂಟೂ ಬಂತು, ನನ್ನ ಸೈಕಲ್ಲೊಂದು ಬರ್ಲಿಲ್ಲ, ಆಕಾಶದಲ್ಲೇ ಇಳಿದು ತನ್ನ ಪಾಡಿಗೆ ತಾನು ತುಳ್ಕೊಂಡು ಹೋಯ್ತೋ ಏನೋ — ಪಕ್ಕದಲ್ಲಿ ಮನೆಯವರು ನಾಲಿಗೆಯಿಂದ ಹಲ್ಲು ಸವರ್ತಾ ನಿಂತಿದ್ದಾರೆ, ಬ್ರಷ್ಷಿಲ್ಲದೆ ದೇಶ ಬಿಟ್ಟ ಮಹಾನುಭಾವರು, ನಿನ್ನೆ ಹೊರಡೋವಾಗ ಬಚ್ಚಲಲ್ಲಿ ನೋಡಿದ್ರೆ ಲೋಟ ಖಾಲಿ, ಎಲ್ರೀ ನಿಮ್ಮ ಹಸಿರು ಬ್ರಷ್ಷು, ಎಲ್ಲೋ ಹೋಯ್ತು, ಬಿಡು, ಅಂದ್ರು, ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದ ಮನುಷ್ಯ, ಒಂದು ಅಲ್ಪವಿರಾಮ ಕಳೆದ್ರೆ ಮನೆಮಂದಿಗೆಲ್ಲ ವಿರಾಮ ಇಲ್ಲದ ಹಾಗೆ ಮಾಡೋರು, ಬ್ರಷ್ ಕಳೆದ್ರೆ ಬಿಡು ಅಂತಾರೆ! — ಬಿಡದೇ ಹಿಡಿದದ್ದು ಈ ಸೈಕಲ್ಲಿನ ವಿಷಯ ಮಾತ್ರ, ಇಷ್ಟು ದೊಡ್ಡ ಮೌಂಟನ್ ಬೈಕು ಹೊತ್ಕೊಂಡು ಹೋಗ್ಬೇಕಾ, ಅಲ್ಲೇ ಬಾಡಿಗೆಗೆ ಸಿಗಲ್ವಾ, ಸಿಗುತ್ತೆ, ಆದ್ರೆ ಬಾಡಿಗೆ ಸೈಕಲ್ಲಿಗೆ ನನ್ನ ಮಂಡಿ ಪರಿಚಯ ಇಲ್ಲ ಕಣ್ರೀ, ನಿನ್ನ ಮಂಡಿಗೇ ನಿನ್ನ ಪರಿಚಯ ಇಲ್ಲ, ಐವತ್ತೆರಡು ಅದಕ್ಕೆ, ನೋಡ್ತಿರು, ಆ ಸೈಕಲ್ಲಿಗೆ ನಾನಂತೂ ಕೈ ಹಚ್ಚಲ್ಲ — ಹೌದು ಐವತ್ತೆರಡೇ, ನಲವತ್ತೊಂಬತ್ತಕ್ಕೆ ಕಲಿತೆ, ಬಿದ್ದೆ, ಎದ್ದೆ, ಎದ್ದಿದ್ದೇ ತಪ್ಪು ಅನ್ನೋ ಹಾಗೆ ಮತ್ತೆ ಬಿದ್ದೆ, ನಾಳೆ ಬೆಳಿಗ್ಗೆ ಏಳಕ್ಕೆ ಈ ಊರಿನ ಬೆಟ್ಟದಿಂದ ಹೆಂಗಸರ ಇಳಿಜಾರು ಓಟ, ಐವತ್ತು ದಾಟಿದವರ ಗುಂಪು, ನಂಬರ್ ಹದಿನೇಳು, ಅಂಗಿ ಬೆನ್ನಿಗೆ ಡಬಲ್ ಹೊಲಿಗೆ ಹಾಕಿ ಆಗಿದೆ, ಸೈಕಲ್ಲೇ ಇಲ್ದಿದ್ರೆ ಬೆನ್ನಿಗೆ ನಂಬರ್ ಕಟ್ಕೊಂಡು ಉರುಳ್ಕೊಂಡು ಇಳೀಲಾ — ಅಷ್ಟರಲ್ಲಿ ಪಕ್ಕದ ಬಾಗಿಲು ತೆರೀತು, ತಳ್ಳುಗಾಡಿ ಮೇಲೆ ನೀಲಿ, ತನ್ನ ಅಂಗಡಿ ಮುಂದೆ ಹತ್ತು ವರ್ಷ ಬಿಸಿಲು ತಡೆದ ಟಾರ್ಪಾಲು, ಅದನ್ನೇ ಕತ್ತರಿಸಿ ಹೊಲಿದ ಚೀಲ, ಬಂದ್ಯಾ ನನ್ನಪ್ಪಾ, ಬಾ ಬಾ — ಓಡಿದ್ಲು, ಮಂಡಿಯೂ ಜೊತೆಗೇ ಓಡ್ತು.

ಓಡಿದ್ದು ತಪ್ಪಾಯ್ತೋ, ನಿಜ ಬರೆದದ್ದು ತಪ್ಪಾಯ್ತೋ, ಬಿಳೀ ಕೈಗವಸಿನ ಆಫೀಸರಮ್ಮ ಫಾರಂ ಹಿಡ್ಕೊಂಡು ಅಡ್ಡ ನಿಂತ್ಲು — ವಿಮಾನದಲ್ಲಿ ಕೊಟ್ಟ ಫಾರಂ ಅದು, ನಿಮ್ಮ ಸಾಮಾನಿನಲ್ಲಿ ಮಣ್ಣು ಇದೆಯಾ ಅಂತ ಪ್ರಶ್ನೆ, ಮನೆಯವರು ಟಕ್ಕಂತ ಇಲ್ಲ ಅಂತ ಬರೆದ್ರು, ಆಗ ನೆನಪಾಯ್ತು ಇವಳಿಗೆ, ಹೊರಡೋ ದಿನ ಬಾಗಿಲ ಹೊರಗೆ ಒರಗಿಸಿಟ್ಟ ಎರಡು ಚಕ್ರ, ಕೊನೇ ಸವಾರಿಯ ಕೆಸರು ಬೆರಳು ದಪ್ಪ, ತೊಳೀಬೇಕು ಅಂತ ಬಕೆಟ್ ತುಂಬಿಸಿಟ್ಟದ್ದು, ಅಷ್ಟರಲ್ಲಿ ಹೆಡ್‌ಮಿಸ್ಸು ತೋಳು ಬಿಗಿ ಮಾಡಿದೀರಿ ಅಂತ ಅಂಗಿ ತಂದದ್ದು, ಬಿಗಿ ಮಾಡಿದ್ದು ನಾನಲ್ಲಮ್ಮಾ ನಿಮ್ಮ ತೋಳು ಅನ್ನಕ್ಕಾಗುತ್ತಾ, ಬಿಚ್ಚಿ ಹೊಲ್ದು ಕಳಿಸೋದ್ರಲ್ಲಿ ಒಂದೂವರೆ ಗಂಟೆ, ಬಂದು ನೋಡಿದ್ರೆ ಚಕ್ರಕ್ಕೆ ಹಳೇ ಬೆಡ್‌ಶೀಟ್ ಸುತ್ತಿ ಚೀಲದೊಳಗೆ ಇಟ್ಟಾಗಿದೆ, ಇಟ್ಟವರು ಮನೆಯವರೇ, ಹೊಲಿ ಹೊಲಿ, ಟ್ಯಾಕ್ಸಿ ಬಂತು, ಅಂದ್ರು, ಹೊಲಿದೇ ಬಿಟ್ಲು, ಬಕೆಟ್ಟು ಮನಸ್ಸಿಂದ ಜಾರಿ ವಿಮಾನ ಹತ್ತಿದ ಮೇಲೆ ಧಡಾರಂತ ಬಿತ್ತು — ರೀ, ಮಣ್ಣಿದೆ ಕಣ್ರೀ, ಇಲ್ಲ, ಇದೆ, ಇಲ್ಲ ಅಂದ್ನಲ್ಲ, ಸುಮ್ನಿರು, ಅಯ್ಯೋ ಕಂಡೋರ ದೇಶಕ್ಕೆ ಹೋಗಿ ಕಣ್ಣಿಗೆ ಮಣ್ಣೆರಚ್ತೀರಾ, ಪೆನ್ನು ಕಿತ್ಕೊಂಡು ಇಲ್ಲ ಹೊಡೆದು ಇದೆ ಅಂತ ತಿದ್ದಿದ್ಲು, ಪ್ರೂಫ್ ರೀಡರಿನ ಪ್ರೂಫು ತಿದ್ದಿದ ಮೊದಲ ಪ್ರಾಣಿ, ಅವರು ಬಾಯಿ ತೆಗೆದ್ರು, ಮುಚ್ಚಿದ್ರು, ಹಸಿರು ಬ್ರಷ್ ಕಾಣದ ಬಾಯಿ, ತೆಗೆಯೋಕೆ ನಾಚಿಕೆ ಇರಬೇಕು ಅಂದ್ಕೊಂಡಿದ್ಲು — ಈಗ ಆಫೀಸರಮ್ಮ ಹೇಳಿದ್ದನ್ನ ಅವರೇ ಅನುವಾದ ಮಾಡಿದ್ರು, ಹೊರದೇಶದ ಮಣ್ಣಿಂದ ಇಲ್ಲಿನ ಬೆಳೆಗೆ ರೋಗ ಬರುತ್ತಂತೆ, ಮಣ್ಣು ಕಂಡ್ರೆ ಸೈಕಲ್ಲು ತೊಳೆಯೋ ವಿಭಾಗಕ್ಕೆ ಹೋಗುತ್ತಂತೆ, ಅದು ತೆಗೆಯೋದು ಸೋಮವಾರವಂತೆ, ಓಟ ಭಾನುವಾರ, ಮೂರು ವರ್ಷದ ಆಸೆ ಬೆರಳು ದಪ್ಪ ಮಣ್ಣಿಗೆ ಮಣ್ಣುಪಾಲು, ಬಿಚ್ಚಿ ಅಂತಾಳೆ, ಎಲ್ಲಿ ಬಿಚ್ಚೋದು ತಾಯಿ, ಜಿಪ್ಪೇ ಇಲ್ಲ, ಜಿಪ್ ನಂಬಿದವಳ ಮಾನ ಬಸ್‌ಸ್ಟಾಪಿನಲ್ಲಿ ಅಂತ ಗಿರಾಕಿಗಳಿಗೆಲ್ಲ ಹೇಳೋಳು ತನ್ನ ಚೀಲಕ್ಕೆ ಹಾಕ್ತಾಳಾ, ಸಕ್ಕರೆ ಮೂಟೆ ಬಾಯಿಗೆ ಹಾಕೋ ಹೊಲಿಗೆ ಹಾಕಿದ್ಲು, ಒಂದು ತುದಿ ಎಳೆದ್ರೆ ಕಬ್ಬಿಣ, ಇನ್ನೊಂದು ತುದಿ ಎಳೆದ್ರೆ ನೀರು, ನೀರಿನ ತುದಿಗೆ ಗುರುತಿಗೆ ಕೆಂಪು ದಾರ ಕಟ್ಟೋದು ಅವಳ ಪದ್ಧತಿ, ಟ್ಯಾಕ್ಸಿ ಹಾರನ್ನಿಗೆ ಮರೆತ್ಲು, ಕೊರಳಲ್ಲಿ ಸದಾ ತೂಗೋ ಚಿಕ್ಕ ಕತ್ತರಿ ವಿಮಾನ ಹತ್ತೋ ಮೊದಲೇ ಸೆಕ್ಯೂರಿಟಿಯವರ ಡಬ್ಬಿ ಸೇರಿತ್ತು, ಆಫೀಸರಮ್ಮ ಬ್ಲೇಡ್ ತೆಗೆದ್ಲು, ಟಾರ್ಪಾಲಿಗೆ ತಾಗಿಸಿದ್ಲು, ತಡೀರೀ! — ಕೂಗಿಗೆ ಅನುವಾದ ಬೇಕಾಗ್ಲಿಲ್ಲ — ನೆಲಕ್ಕೆ ಮಂಡಿ ಊರಿ ಎಡ ತುದಿಯ ಗಂಟು ಹಲ್ಲಲ್ಲಿ ಕಚ್ಚಿ ಎಳೆದ್ಲು, ಕಬ್ಬಿಣ, ಅಂಬೆಗಾಲಲ್ಲಿ ಬಲ ತುದಿಗೆ ಹೋಗಿ ಕಚ್ಚಿ ಎಳೆದ್ಲು — ಸರ್ರ್ರ್ರ್ — ಇಡೀ ಬಾಯಿ ಒಂದೇ ಉಸಿರಿಗೆ ಬಿಚ್ಕೊಂಡು ದಾರ ಕೈಗೆ ಬಂತು, ಹಿಂದೆ ಕ್ಯೂ ನಿಂತವರು ಚಪ್ಪಾಳೆ, ಆಫೀಸರಮ್ಮನ ಬಾಯಿ ಚೀಲದ ಬಾಯಿಗಿಂತ ಅಗಲ.

ಬೆಡ್‌ಶೀಟು ಸರಿಸೋವಾಗ ಇವಳು ಕಣ್ಣು ಮುಚ್ಕೊಂಡ್ಲು, ಕೆಸರು, ಬೆರಳು ದಪ್ಪ, ಸೋಮವಾರ — ಒಂದು ಕಣ್ಣು ತೆಗೆದ್ಲು, ಟಾರ್ಚು ಟೈರಿನ ಮೇಲೆ ಹರೀತಿದೆ, ಮೈಯೆಲ್ಲ ರಬ್ಬರ್ ಉಬ್ಬುಗಳ ಬಟನ್ ಟೈರು, ಸೈಕಲ್ ಅಂಗಡಿಯವನು ಹಾಗಂದಾಗ ಬಟನ್ನಾ, ಹಾಗಿದ್ರೆ ನಮ್ಮ ಇಲಾಖೆನೇ ಅಂತ ನಕ್ಕಿದ್ಲು, ಆ ಬಟನ್ನುಗಳು ಒಂದೊಂದೂ ಕಪ್ಪಗೆ ಹೊಳೀತಿವೆ, ಒಂದರ ಸಂದಿಯಲ್ಲೂ ಒಂದು ಕಾಳು ಮಣ್ಣಿಲ್ಲ, ಬಿಳೀ ಕೈಗವಸು ಎರಡು ಚಕ್ರವನ್ನೂ ಸುತ್ತು ಹಾಕಿ ಬಿಳಿಯಾಗೇ ವಾಪಸ್ ಬಂತು, ಆಫೀಸರಮ್ಮ ನಕ್ಕು ಫಾರಂ ಮೇಲೆ ಇದೆ ಹೊಡೆದು ಇಲ್ಲ ಬರೆದ್ಲು, ಠಪ್ಪಂತ ಸೀಲು, ನಾಳೆ ಏಳಕ್ಕೆ ಬೆಟ್ಟ, ಗಾಳಿ, ನಂಬರ್ ಹದಿನೇಳು — ಆದ್ರೆ ಯಾರು, ಯಾವಾಗ, ಆ ಒಂದೂವರೆ ಗಂಟೆ, ಹೆಡ್‌ಮಿಸ್ಸಿನ ತೋಳು — ತಿರುಗಿ ನೋಡಿದ್ಲು, ಕೈ ಹಚ್ಚಲ್ಲ ಅಂದವರು ಸೀಲಿಂಗಿನಲ್ಲಿ ಅಕ್ಷರದೋಷ ಹುಡುಕ್ತಾ ನಿಂತಿದ್ದಾರೆ, ಕಿವಿ ಮಾತ್ರ ಕೆಂಪು, ನಡಿ ನಡಿ, ಹೊರಗೆ ಅಂಗಡಿ ಇದ್ರೆ ಮೊದಲು ಒಂದು ಬ್ರಷ್ ತಗೋಬೇಕು, ಬಾಯಿ ಗಬ್ಬು, ಅಂತಾರೆ, ಮೂರು ವರ್ಷ ಬೈದ ಬಾಯಲ್ಲಿ ನಾನೇ ತೊಳೆದೆ ಅಂತ ಹೇಗೆ ಬರುತ್ತೆ, ಇವಳಿಗೆ ನಗು, ಕಣ್ಣಲ್ಲಿ ನೀರು, ಎರಡೂ ಒಂದೇ ಸಾರಿ ಎಳೆದ ದಾರದ ಥರ ಸರ್ರಂತ, ಬೆಡ್‌ಶೀಟ್ ಸುತ್ತಕ್ಕೆ ಬಗ್ಗಿದ್ಲು, ಮುಂದಿನ ಚಕ್ರದ ಎರಡು ಬಟನ್ ಮಧ್ಯೆ ಏನೋ ಸಿಕ್ಕಿಕೊಂಡಿದೆ, ಹೊಲಿದ ಬಟ್ಟೆ ಮೇಲೆ ಎಳೆ ಕಂಡ್ರೆ ಕೀಳೋ ಉಗುರು ತಾನಾಗೇ ಹೋಯ್ತು, ಹೋಗಿ ನಿಂತ್ಕೊಳ್ತು, ಬ್ರಷ್ಷಿನ ಎಳೆ, ಒಂದೇ ಒಂದು, ಕಾಲು ಅಂಗುಲ, ಬಾಗಿದೆ, ಹಸಿರು —