ಇಪ್ಪತ್ತನೆಯ ತಿರುವಿನ ಸನ್ಮಾನ

ಕೊಚ್ಚಿಯ ನಮ್ಮ ಕನ್ನಡ ಸಂಘಕ್ಕೆ ಒಂದು ಕಾಯಿಲೆ ಇದೆ. ಕಣ್ಣಿಗೆ ಬಿದ್ದವರಿಗೆಲ್ಲ ಶಾಲು ಹೊದಿಸುವುದು. ಹತ್ತನೇ ಕ್ಲಾಸು ಪಾಸಾದ ಮಕ್ಕಳಿಗೆ ಸನ್ಮಾನ, ನಿವೃತ್ತರಾದವರಿಗೆ ಸನ್ಮಾನ, ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವವರಿಗೆ ಮುಂಗಡ ಸನ್ಮಾನ. ಹೋದ ವರ್ಷ ಯಾರೂ ಸಿಗದೆ ಶಾಮಿಯಾನದವನಿಗೇ ಪೇಟ ತೊಡಿಸಿದರು. ನಾನು, ಜನಾರ್ದನ, ಈ ಸಂಘದ ಖಜಾಂಚಿ. ಹಾಗಾಗಿ ಪೇಟ, ಶಾಲುಗಳ ದಾಸ್ತಾನು ಎಡಪ್ಪಳ್ಳಿಯ ನಮ್ಮ ಫ್ಲ್ಯಾಟಿನಲ್ಲೇ ಇದೆ. ನಮ್ಮ ಬಟ್ಟೆಗೆ ಜಾಗ ಇಲ್ಲ.

ಇಷ್ಟು ವರ್ಷ ಈ ಶಾಲಿನಿಂದ ತಪ್ಪಿಸಿಕೊಂಡಿದ್ದವಳು ನನ್ನ ಹೆಂಡತಿ ಸುಮಿತ್ರ. ಬ್ಯಾಂಕಿನಲ್ಲಿ ಸೀನಿಯರ್ ಮ್ಯಾನೇಜರ್. ನಲವತ್ತು ದಾಟಿದ ಮೇಲೆ ಸೈಕಲ್ ಹತ್ತಿದಳು. ಮೊದಲು ಸಂಘದ ಹೆಂಗಸರು, "ಪಾಪ, ಗಂಡ ಸ್ಕೂಟರ್ ಕೊಡಿಸಿಲ್ವಂತೆ" ಅಂದರು. ಆಮೇಲೆ ಅವಳು ತೊಡುವ ಬಿಗಿ ಚಡ್ಡಿಯ ಮೇಲೆ ಒಂದಿಡೀ ಮಹಿಳಾ ದಿನಾಚರಣೆ ಚರ್ಚೆಯಾಯಿತು. ಸುಮಿತ್ರ ಕಿವಿಗೇ ಹಾಕಿಕೊಳ್ಳಲಿಲ್ಲ. ವಾಗಮಣ್ ಏರಿದಳು, ಮುನ್ನಾರ್ ಏರಿದಳು. ದಾರಿಯಲ್ಲಿ ನಿಂತು ಚಾಯ ಕುಡಿದು, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿಂದು ಏರಿದಳು. ಅವು ಅವಳಿಗೆ ಲೆಕ್ಕಕ್ಕೇ ಇಲ್ಲ. ಅವಳ ಲೆಕ್ಕದಲ್ಲಿ ಇದ್ದದ್ದು ತಿರುವನಂತಪುರದ ಆಚೆಗಿನ ಪೊನ್ಮುಡಿ ಬೆಟ್ಟ ಒಂದೇ.

ಪೊನ್ಮುಡಿಗೆ ಕಲ್ಲಾರ್ ಊರಿನಿಂದ ಮೇಲಕ್ಕೆ ಇಪ್ಪತ್ತೆರಡು ಹೇರ್‌ಪಿನ್ ತಿರುವುಗಳು. ಪ್ರತಿಯೊಂದಕ್ಕೂ ನಂಬರಿನ ಬೋರ್ಡು. ಸುಮಿತ್ರ ತನಗೆ ತಾನೇ ಹಾಕಿಕೊಂಡ ನಿಯಮ ಇಷ್ಟು: ಕಲ್ಲಾರಿನಿಂದ ತುದಿಯವರೆಗೆ ಕಾಲು ನೆಲಕ್ಕೆ ತಾಗಬಾರದು. ಮೊದಲ ಸಲ ಒಂಬತ್ತನೇ ತಿರುವಿನಲ್ಲಿ ತಾಗಿತು. ಆಮೇಲೆ ಹದಿನಾಲ್ಕರಲ್ಲಿ. ಹೋದ ಡಿಸೆಂಬರಿನಲ್ಲಿ ಹದಿನೆಂಟರಲ್ಲಿ, ಬ್ರಾಂಚಿನಿಂದ ಫೋನು ಬಂತು ಅಂತ. ನಾನು ಪ್ರತಿ ಸಲವೂ ಬಾಳೆಹಣ್ಣಿನ ಚಿಪ್ಪು ಇಟ್ಟುಕೊಂಡು ಕಾರಿನಲ್ಲಿ ಹಿಂದೆ.

"ಇಷ್ಟಕ್ಕೂ ಕಾಲಿಟ್ಟರೆ ಏನಾಗತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಏನೂ ಆಗಲ್ಲ ಕಣ್ರೀ. ಬೆಳಿಗ್ಗೆ ಎದ್ದು ಒಲೆ ಮುಂದೆ ನಿಂತ್ರೆ ನೀವು ಕರೀತೀರಿ, ಕುರ್ಚಿಯಲ್ಲಿ ಕೂತ್ರೆ ಹೆಡ್ ಆಫೀಸ್ ಕರಿಯತ್ತೆ. ಒಂದೇ ಒಂದು ಕೆಲಸ, ಮಧ್ಯದಲ್ಲಿ ಯಾರೂ ಕರೀದೇ ಮುಗಿಸ್ಬೇಕು. ಅಷ್ಟೇ."

ನಾನು ಇನ್ನೊಂದು ಬಾಳೆಹಣ್ಣು ಕೊಟ್ಟೆ.

ಅಷ್ಟರಲ್ಲಿ ಅವಳಿಗೆ ಕಲಬುರಗಿಗೆ ವರ್ಗ ಆಯಿತು. ಅಲ್ಲಿ ಸೈಕಲಿನಲ್ಲಿ ಏರುವುದಕ್ಕೆ ಫ್ಲೈಓವರ್ ಬಿಟ್ಟರೆ ಬೇರೇನೂ ಇಲ್ಲವೆಂದು ಅವಳ ಕೊರಗು. ಹೊರಡುವ ಮೊದಲು ಒಂದೇ ಒಂದು ಭಾನುವಾರ ಉಳಿದಿತ್ತು. ಪೊನ್ಮುಡಿಗೆ ಹೋಗುತ್ತೇವೆಂದು ನಾನು ಬಾಯಿ ತಪ್ಪಿ ಸಂಘದ ಅಧ್ಯಕ್ಷ ಯಜ್ಞನಾರಾಯಣರ ಎದುರು ಹೇಳಿದೆ. ಕಾಸರಗೋಡಿನವರು, ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ಕಲೂರಿನಲ್ಲಿ ನೆಲೆಸಿದವರು. ನಿವೃತ್ತಿಯ ನಂತರ ಮೈಕು ಕೆಳಗಿಟ್ಟವರಲ್ಲ.

"ಎಂತ ಮಾರಾಯ್ರೆ, ಇದನ್ನು ಈಗ ಹೇಳುವುದಾ!" ಅಂದರು. "ಪೊನ್ಮುಡಿ ಏರಿದ ಕನ್ನಡತಿ! ಸಂಘವೇ ಬಸ್ಸು ಮಾಡಿ ಹೋಗುವ. ಅಲ್ಲಿಯೇ ಸನ್ಮಾನ, ಅಲ್ಲಿಯೇ ಬೀಳ್ಕೊಡುಗೆ."

ಸುಮಿತ್ರ ಖಡಾಖಂಡಿತವಾಗಿ ಹೇಳಿದಳು: "ಸರ್, ಏನು ಮಾಡೋದಿದ್ರೂ ತುದೀಲಿ ಮಾಡಿ. ದಾರೀಲಿ ಮಾತ್ರ ನನ್ನನ್ನ ನಿಲ್ಲಿಸ್ಬೇಡಿ."

"ಛೆ ಛೆ, ನಿಲ್ಲಿಸುವ ಪ್ರಶ್ನೆಯೇ ಇಲ್ಲ" ಎಂದರು ಯಜ್ಞನಾರಾಯಣರು.

ಶನಿವಾರ ಬಸ್ಸು ಕಳಮಶ್ಶೇರಿಯಲ್ಲಿ ಹೊರಟು, ಎಡಪ್ಪಳ್ಳಿಯಲ್ಲಿ ಒಬ್ಬರ ಬೆನ್ನುನೋವಿನ ಎಣ್ಣೆಗೆ ಕಾದು, ಕಲೂರಿನಲ್ಲಿ ಅಧ್ಯಕ್ಷರ ಸ್ನಾನಕ್ಕೆ ಕಾದು, ಕತ್ತಲಾಗುವ ಹೊತ್ತಿಗೆ ತಿರುವನಂತಪುರ ಮುಟ್ಟಿತು. ಭಾನುವಾರ ಬೆಳಿಗ್ಗೆ ಕಲ್ಲಾರಿನಲ್ಲಿ ಸುಮಿತ್ರ ಯಾರನ್ನೂ ಕೇಳದೆ ಹೊರಟುಬಿಟ್ಟಳು. ಹಸಿರು ನಿಶಾನೆ ತೋರಿಸಲು ಬಂದಿದ್ದ ಉಪಾಧ್ಯಕ್ಷರು ಕೊನೆಗೆ ಅದನ್ನು ನಮ್ಮ ಬಸ್ಸಿಗೇ ತೋರಿಸಿದರು. ಖಜಾಂಚಿ ಬಸ್ಸಿನಲ್ಲೇ ಇರಬೇಕೆಂದು ನನ್ನನ್ನು ಅದರೊಳಗೆ ತುಂಬಿದರು. ಎಂಟನೇ ತಿರುವಿನ ಹತ್ತಿರ ಬಸ್ಸು ಅವಳನ್ನು ದಾಟಿತು. ಇಡೀ ಬಸ್ಸು ಕಿಟಕಿಯಿಂದ ಕೈ ಬೀಸಿ ಕೂಗಿತು. ಅವಳು ತಲೆ ಎತ್ತಲಿಲ್ಲ. ಒಂದೇ ಸಮನೆ ತುಳಿಯುತ್ತಿದ್ದಳು. ಇವತ್ತು ಆಗುತ್ತದೆ ಅನ್ನಿಸಿತು ನನಗೆ.

ಇಪ್ಪತ್ತನೆಯ ತಿರುವಿನಲ್ಲಿ ಬಸ್ಸು ನಿಂತಿತು.

"ಇಲ್ಲಿ ಬೆಳಕು ಭಾರೀ ಚಂದ ಉಂಟು" ಎನ್ನುತ್ತ ಯಜ್ಞನಾರಾಯಣರು ಶಾಲು, ಪೇಟ ಹಿಡಿದು ಇಳಿದರು.

"ಸರ್, ನಿಲ್ಲಿಸಲ್ಲ ಅಂತ ಮಾತು ಕೊಟ್ಟಿದ್ರಿ" ಎಂದೆ.

"ನಿಲ್ಲಿಸುವುದು ಯಾರು ಮಾರಾಯ್ರೆ? ಅವರು ಹೋಗ್ತಾ ಇರಲಿ, ನಾವು ಹೊದಿಸ್ತಾ ಇರುವ."

ಏರಿನಲ್ಲಿ ಸೈಕಲ್ಲಿನ ವೇಗ ಗೊತ್ತಲ್ಲ, ನಡೆಯುವವನೂ ಜೊತೆಗೂಡಬಹುದು. ಸುಮಿತ್ರ ತಿರುವಿಗೆ ಬಂದಳು. ಅಧ್ಯಕ್ಷರು ಪಕ್ಕದಲ್ಲಿ ಓಡತೊಡಗಿದರು. ನಾನು ಹಿಂದಿನಿಂದ ಅವರ ಜುಬ್ಬಕ್ಕೆ ಕೈ ಹಾಕುವಷ್ಟರಲ್ಲಿ ಶಾಲು ಅವಳ ಹೆಗಲಿಗೆ ಬಿತ್ತು. ಅಲ್ಲಿಗೆ ಬಿಡಬಹುದಿತ್ತು. ಹೆಲ್ಮೆಟ್ಟಿನ ಮೇಲೆ ಪೇಟ ಇಟ್ಟರು. ಪೇಟ ಜಾರಿ ಅವಳ ಕಣ್ಣು ಮುಚ್ಚಿತು. ಸೈಕಲ್ ಓಲಾಡಿ ಮೋರಿಯ ಕಡೆ ಹೊರಳಿತು. ಸುಮಿತ್ರಳ ಎಡಗಾಲು ಟಾರಿನ ಮೇಲೆ ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಬ್ಬಳ್ಳಿಯ ಇಸ್ಮಾಯಿಲ್, ಐಟಿ ಪಾರ್ಕಿನ ಹುಡುಗ, ನಮ್ಮ ಸಂಘದ ಆಸ್ಥಾನ ಫೋಟೋಗ್ರಾಫರ್, ಕ್ಯಾಮೆರಾ ನೋಡಿ ಮುಖ ಸಣ್ಣದು ಮಾಡಿದ. "ಅಕ್ಕಾರ, ಫೋಟೋ ಅಲ್ಲಾಡೇತ್ರಿ. ಒಂದೀಟು ಹಿಂದಕ್ಕ ಹೋಗಿ ಮತ್ತ ಬರ್ರಿ."

ಸುಮಿತ್ರ ಶಾಲು, ಪೇಟ ತೆಗೆದು ಅಧ್ಯಕ್ಷರ ಕೈಗೆ ಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಎಲ್ಲೂ ನಿಲ್ಲದೆ ಏರಿದ್ದಕ್ಕೆ ಅವಳನ್ನು ನಿಲ್ಲಿಸಿ ಸನ್ಮಾನಿಸುವ ಬುದ್ಧಿ ಭೂಮಿಯ ಮೇಲೆ ಬೇರೆ ಯಾವ ಸಂಘಕ್ಕೆ ಬಂದೀತು? ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಇವರ ಕಾರ್ಯಕ್ರಮ ಎಷ್ಟು ಹೊತ್ತು ಎಳಿಯತ್ತೆ?"

"ಯಾಕೆ?"

"ಕೆಳಗಿಳಿದು ಮೊದಲಿಂದ ಬರ್ತೀನಿ. ಅಷ್ಟರಲ್ಲಿ ಬಸ್ಸು ಇಳೀತು ಅಂದ್ರೆ ಮತ್ತೆ ದಾರೀಲಿ ಹಿಡ್ಕೋತಾರೆ. ನಾನು ಬರೋ ತನಕ ಒಬ್ಬರನ್ನೂ ಅಲ್ಲಾಡೋಕೆ ಬಿಡ್ಬೇಡಿ."

ಇಸ್ಮಾಯಿಲನ ಮಾತಿಗೆ ತಲೆಯಾಡಿಸಿದಂತೆ ಮಾಡಿ ಅವಳು ಹಿಂದಕ್ಕೆ ತಿರುಗಿದಳು. ಹಾಗೇ ಇಳಿಜಾರಿನಲ್ಲಿ ಮಾಯವಾದಳು. ಅವಳು ಬರುವುದಕ್ಕೆ ಸ್ವಲ್ಪ ಕಾದು, ಆಮೇಲೆ ಬೇಸತ್ತು, "ಅವರು ನಿಧಾನ ಬರಲಿ, ಮುಖ್ಯ ಅತಿಥಿಗಳು ಕಾಯ್ತಾ ಇದ್ದಾರೆ" ಎಂದು ಎಲ್ಲರೂ ಬಸ್ಸು ಹತ್ತಿದರು. ಹೀಗೆ, ಇಪ್ಪತ್ತು ವರ್ಷಗಳಿಂದ ಸಂಘದ ಭಾಷಣಗಳನ್ನು ಶಪಿಸುತ್ತ ಬಂದ ನನ್ನ ತಲೆಗೆ, ಅವನ್ನು ಉದ್ದ ಮಾಡಿಸುವ ಕೆಲಸ ಗಂಟುಬಿತ್ತು.

ತುದಿಯಲ್ಲಿ ಶಾಮಿಯಾನ ಸಿದ್ಧವಿತ್ತು. ಪೊನ್ಮುಡಿಯ ಗಾಳಿಗೆ ಉದ್ಘಾಟನೆಯ ದೀಪ ಹಚ್ಚಿದಷ್ಟೂ ಸಲ ಆರಿತು. ನಾನು ಮನಸ್ಸಿನಲ್ಲೇ ಗಾಳಿಗೆ ಕೈಮುಗಿದೆ. ಪ್ರಾರ್ಥನೆಯವರಿಗೆ ಇನ್ನೊಂದು ಹಾಡು ಹೇಳಿ ಎಂದೆ. ಅವರು ಇದಕ್ಕೇ ಕಾಯುತ್ತಿದ್ದವರಂತೆ ಮೂರು ಹೇಳಿದರು. ಮುಖ್ಯ ಅತಿಥಿಗಳು ಕನ್ನಡದ ಇತಿಹಾಸವನ್ನು ಕದಂಬರಿಂದ ಶುರುಮಾಡಿದರು. ಎಂದೂ ಇಲ್ಲದ ಹಾಗೆ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದೆ. ಆದರೆ ಮನುಷ್ಯ ಹೊಯ್ಸಳರಿಗೆ ಬರುವ ಹೊತ್ತಿಗೆ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ಯಾರೋ ತೆಗೆದರು, ಘಮಕ್ಕೆ ಮಿಕ್ಕ ರಾಜವಂಶಗಳು ಒಂದೇ ವಾಕ್ಯದಲ್ಲಿ ಮುಗಿದವು.

"ಸುಮಿತ್ರಮ್ಮ ಇನ್ನೂ ಬರಲಿಲ್ಲವಾ?" ಎಂದರು ಯಜ್ಞನಾರಾಯಣರು. "ಅವರ ಪರವಾಗಿ ಜನಾರ್ದನರೇ ಸನ್ಮಾನ ಸ್ವೀಕರಿಸಿ ಎರಡು ಮಾತು ಆಡಲಿ. ಊಟ ಮುಗಿಸಿ ಬೇಗ ಇಳಿದುಬಿಡುವ."

ಬೇಗ ಇಳಿದರೆ ಕೆಟ್ಟಿತು. ಆ ಹೊತ್ತಿಗೆ ಅವಳು ಎಲ್ಲೋ ಅರ್ಧ ದಾರಿಯಲ್ಲಿ ಇರಬೇಕು. ನಾನು ಪೇಟ ತೊಡಿಸಿಕೊಂಡು ಮೈಕು ಹಿಡಿದೆ. ಏನು ಮಾತಾಡುವುದು? ಗೊತ್ತಿದ್ದದ್ದು ಆ ದಾರಿ ಒಂದೇ. ಕಲ್ಲಾರಿನ ಸೇತುವೆಯಿಂದ ಶುರುಮಾಡಿದೆ. ಒಂದನೇ ತಿರುವು, ಎರಡನೇ ತಿರುವು. ನಾಲ್ಕರಲ್ಲಿ ಬಿದಿರ ಮೆಳೆ, ರಸ್ತೆ ಸದಾ ಒದ್ದೆ, ಅಲ್ಲಿ ಸುಮಿತ್ರ ಉಸಿರು ಬಿಗಿಹಿಡಿಯುತ್ತಾಳೆ. ಏಳರ ಆಚೆ ಕೋತಿಗಳು, ಅಲ್ಲಿ ನಾನು ಕಾರಿನ ಗಾಜು ಏರಿಸುತ್ತೇನೆ, ಅವಳಿಗೆ ಏರಿಸಲು ಗಾಜಿಲ್ಲ. ಒಂಬತ್ತರಲ್ಲಿ ಮೊದಲ ಸಲ ಕಾಲಿಟ್ಟಾಗ ಅವಳು ಮೈಲಿಗಲ್ಲಿನ ಮೇಲೆ ಕೂತು ನಕ್ಕಿದ್ದಳು. ಹನ್ನೆರಡರಿಂದ ಕಾಡು ಬಿಟ್ಟು ಹುಲ್ಲು ಶುರು, ಎದುರುಗಾಳಿ ಅಲ್ಲೇ ಕಾದು ಕೂತಿರುತ್ತದೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು: ಅವಳ ಬೆನ್ನನ್ನು ಇಷ್ಟು ಸಲ ನೋಡಿದ್ದೇನೆ, ಇವಳೆಂದರೆ ನನಗೆ ಎಷ್ಟು ಹೆಮ್ಮೆ ಎಂದು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಅದನ್ನೂ ಮೈಕಿನಲ್ಲೇ ಹೇಳಿಬಿಟ್ಟೆ.

ಹದಿನೇಳನೇ ತಿರುವಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ತಟ್ಟೆ ಹಿಡಿದು ಎದ್ದಿದ್ದರು. ಉಳಿದ ತಿರುವುಗಳನ್ನು ಸಾಲಿನಲ್ಲಿ ನಿಂತವರ ಬೆನ್ನಿಗೆ ವಿವರಿಸಿದೆ. ಆಮೇಲೆ ಬಡಿಸಲು ನಿಂತು, ಬೇಡ ಬೇಡ ಎಂದವರಿಗೂ ಎರಡೆರಡು ಸೌಟು ಹಾಕಿದೆ. ಕೈ ತೊಳೆಯುವ ನೀರಿನ ಕ್ಯಾನನ್ನು ಬಸ್ಸಿನ ಡಿಕ್ಕಿಗೆ ಸೇರಿಸಿ, ಎಲ್ಲಿ ಹೋಯಿತೋ ಎಂದು ಎಲ್ಲರ ಜೊತೆ ನಾನೂ ಹುಡುಕಿದೆ. ಖಜಾಂಚಿಯಾಗಿ ಸಂಘಕ್ಕೆ ಇಷ್ಟು ದುಡಿದದ್ದು ಅದೇ ಮೊದಲು.

ಕೊನೆಗೂ ಡ್ರೈವರ್ ಹಾರ್ನ್ ಹೊಡೆದ. ಜನ ಬಸ್ಸಿನ ಕಡೆ ಹೊರಟರು. ನಾನು ರಸ್ತೆಯ ಅಂಚಿಗೆ ಓಡಿದೆ.

ಇಪ್ಪತ್ತೆರಡನೇ ತಿರುವು ಕಳೆದು ಒಂದು ಸೈಕಲ್ ಬರುತ್ತಿತ್ತು. ಹಾವು ಹರಿದ ಹಾಗೆ ರಸ್ತೆಯ ಈ ಬದಿಯಿಂದ ಆ ಬದಿಗೆ ಹಾಯುತ್ತ, ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟು ನಿಧಾನ. ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗಿದರೆ ಅದೂ ಮಧ್ಯದಲ್ಲಿ ಕರೆದಂತೆಯೇ ಅಲ್ಲವೇ? ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದು ನಿಂತೆ. ಸುಮಿತ್ರ ನನ್ನನ್ನು ದಾಟಿ, ಶಾಮಿಯಾನ ದಾಟಿ, ರಸ್ತೆ ಮುಗಿಯುವಲ್ಲಿ ಹೋಗಿ ಕಾಲು ಕೆಳಗಿಟ್ಟಳು. ಹ್ಯಾಂಡಲ್ಲಿನ ಮೇಲೆ ತಲೆಯೂರಿದಳು.

ಯಜ್ಞನಾರಾಯಣರು ಬಸ್ಸಿನ ಮೆಟ್ಟಿಲಿನಿಂದ ಇಳಿದು ಗಾಬರಿಯಲ್ಲಿ ಬಂದರು. "ಎಲ್ಲಿ ಹೋದದ್ದು ಮಾರಾಯ್ರೆ ನೀವು? ಸನ್ಮಾನ ಎಲ್ಲ ಮುಗಿದೇ ಹೋಯ್ತಲ್ಲ!"

ಸುಮಿತ್ರ ತಲೆ ಎತ್ತಿದಳು. ಮುಖದ ತುಂಬ ಬೆವರು, ಮುಖದ ತುಂಬ ನಗು.

"ಮುಗೀತಾ ಸರ್?" ಎಂದಳು. "ಸದ್ಯ."