ಎಣ್ಣೆ ಕುಡಿಯುವ ಕಾರು

ಊರಿನಿಂದ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಅತ್ತೆ ಒಗ್ಗರಣೆ ಹಾಕಿದರು.

ನನ್ನ ಗಂಡ ಸುಕೇಶ್ ತೀರಿಕೊಂಡ ದಿನದಿಂದ ಬೊಜ್ಜದ ಉತ್ತರಕ್ರಿಯೆ ಮುಗಿದು ಮನೆ ಶುದ್ಧವಾಗುವವರೆಗೆ ನಾವು ಎಣ್ಣೆ ಮುಟ್ಟಿರಲಿಲ್ಲ. ತಲೆಗೂ ಇಲ್ಲ, ಬಾಣಲೆಗೂ ಇಲ್ಲ. ಗಂಜಿ, ಬೇಯಿಸಿದ ತರಕಾರಿ, ಉಪ್ಪು. ಸಾಸಿವೆ ಸಿಡಿದ ಸದ್ದಿಗೆ ನನಗೆ ಎಚ್ಚರವಾಯಿತು. ಇಷ್ಟು ಹೊತ್ತಿಗೆ ಅವನು ಕೆಳಗೆ ಹೋಗಿ ಕಾರಿನ ಆಯಿಲ್ ನೋಡಿ ಬಂದಿರುತ್ತಿದ್ದ. ಬೆರಳಿನ ಕರಿಯನ್ನು ಬನಿಯನಿಗೆ ಒರೆಸಿ ನನ್ನಿಂದ ಬೈಸಿಕೊಂಡಿರುತ್ತಿದ್ದ.

ಅತ್ತೆ ಉಪ್ಪಿಟ್ಟಿನ ತಟ್ಟೆ ನನ್ನ ಮುಂದಿಟ್ಟರು. ತಾವು ತಿನ್ನಲಿಲ್ಲ.

"ದೀಪ ಒಂದು ದಿನವೂ ನೆಟ್ಟಗೆ ಉರಿಯಲಿಲ್ಲ, ಶ್ರೇಯಾ."

ಇದನ್ನು ಅವರು ದಿನವೂ ಹೇಳುತ್ತಿದ್ದರು. ಮಗನನ್ನು ನಡುಮನೆಯಲ್ಲಿ ಮಲಗಿಸಿದ್ದಾಗ ತಲೆಯ ಬಳಿ ಹಚ್ಚಿದ ದೀಪ ಹೊಗೆಯಾಡಿ ಆರಿತ್ತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಆಮೇಲೆ ಫೋಟೋದ ಮುಂದೆ ಇಟ್ಟ ದೀಪವೂ ಹಾಗೆಯೇ. ಗೋಡೆಯ ಮೇಲೆ ಉದ್ದಕ್ಕೆ ಕಪ್ಪು ಹಿಡಿದಿತ್ತು.

"ಅವನಿಗೆ ಎಂತದೋ ಬಾಕಿ ಉಂಟು. ಅವನೇ ಊದಿ ಆರಿಸ್ತಿದ್ದ."

"ಗಾಳಿ ಇರಬಹುದು ಅತ್ತೆ."

"ಕಿಟಕಿ ಹಾಕಿತ್ತು."

ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಗೋಡೆಯ ಆ ಕಪ್ಪನ್ನು ನೋಡುತ್ತ ಉಪ್ಪಿಟ್ಟು ತಿಂದೆ.

"ಇವತ್ತು ಪೂವಪ್ಪಣ್ಣನ ಕಾರು ಕೊಟ್ಟು ಬರ್ತೇನೆ," ಎಂದೆ.

ಅತ್ತೆ ಮುಖ ತಿರುಗಿಸಿದರು. ಆ ಕಾರಿನ ಸೀಟಿನ ಮೇಲೆ ಸುಕೇಶ್ ಹಾಸಿದ ಟವೆಲ್ ಇನ್ನೂ ಇತ್ತು.

ಪೂವಪ್ಪಣ್ಣ ಭಾಂಡುಪಿನವರು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಸುಕೇಶ್ ಗಲ್ಲಾಪೆಟ್ಟಿಗೆಯ ಮುಂದೆ ಕೂರತೊಡಗಿದಾಗ ಅವರು ಅಲ್ಲಿ ಅಡಿಗೆಯವರಾಗಿದ್ದರು. ಆಮೇಲೆ ಕೆಲಸ ಬಿಟ್ಟು, ಮನೆಯಲ್ಲೇ ತಿಂಡಿ ಮಾಡಿ ಮುಲುಂಡಿನ ಆಫೀಸುಗಳಿಗೆ ಮುಟ್ಟಿಸತೊಡಗಿದರು. ಹಿಂದಿನ ಸೀಟು ತೆಗೆದು ಪಾತ್ರೆ ಇಡಲು ಜಾಗ ಮಾಡಿದ ಈ ಹಳೆಯ ಕಾರು ಅದಕ್ಕೇ ಇತ್ತು. ಮಳೆಗಾಲಕ್ಕೆ ಮುಂಚೆ ಅವರ ಮೊಣಕಾಲಿನ ಆಪರೇಷನ್ ಆಯಿತು. "ನಿಂತರೆ ಸಾಯುವ ಗಾಡಿ ಇದು. ನಾನು ಎದ್ದು ಓಡಾಡುವ ತನಕ ನೀನು ಓಡಿಸ್ತಾ ಇರು. ಎಣ್ಣೆ ಕುಡೀತದೆ, ಉಪವಾಸ ಮಾತ್ರ ಇರಿಸಬೇಡ," ಎಂದು ಸುಕೇಶನಿಗೆ ಕೊಟ್ಟಿದ್ದರು.

ಅದು ಆಯಿಲ್ ಸೋರಿಸುತ್ತಿತ್ತು, ಸುಡುತ್ತಲೂ ಇತ್ತು. ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸುವಷ್ಟು ಕಾರಿಗೇ ಬೆಲೆ ಇರಲಿಲ್ಲ. ಹಾಗಾಗಿ ಸುಕೇಶ್ ಅದನ್ನು ಸಾಕಿದ. ಹೋಟೆಲಿನಿಂದ ರಟ್ಟಿನ ಪೆಟ್ಟಿಗೆ ತಂದು ಬಿಡಿಸಿ ಎಂಜಿನ್ನಿನ ಕೆಳಗೆ ಹಾಸುತ್ತಿದ್ದ. ಬೆಳಗ್ಗೆ ಅದರ ಮೇಲಿನ ಕಲೆ ಎಷ್ಟು ದೊಡ್ಡದಾಗಿದೆ ಎಂದು ನೋಡುತ್ತಿದ್ದ. ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಅಳೆಯುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದ. ಕಡ್ಡಿಯಲ್ಲಿ ಎರಡು ಗೆರೆಗಳಿವೆ. ಕೆಳಗಿನದರ ಹತ್ತಿರ ಬಂದರೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದ. ಮೇಲಿನದನ್ನು ದಾಟಿಸುತ್ತಿರಲಿಲ್ಲ. ಹೆಚ್ಚು ಹಾಕಿದರೆ ಇನ್ನೂ ಹೆಚ್ಚು ಸೋರುತ್ತದೆ ಎಂದು ನನಗೂ ಒಂದು ಭಾನುವಾರ ಕಲಿಸಿದ್ದ.

ಬೊಜ್ಜದ ದಿನ ಪೂವಪ್ಪಣ್ಣ ಕೋಲೂರಿಕೊಂಡು ಲೋಕಲ್ ಟ್ರೈನ್‌ನಲ್ಲಿ ಬಂದರು. ಉಂಡರು. ಹೋಗುವಾಗ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಏನೂ ಕೇಳಲಿಲ್ಲ. ಅವರು ತಿಂಡಿ ಕೆಲಸ ಮತ್ತೆ ಶುರು ಮಾಡಿ, ಪಾತ್ರೆಗಳನ್ನು ರಿಕ್ಷಾದಲ್ಲಿ ಸಾಗಿಸುತ್ತಿದ್ದಾರೆ, ತಡವಾಗಿ ಒಂದು ಆಫೀಸಿನವರು ಆಗಲೇ ಬೇಡವೆಂದಿದ್ದಾರೆ ಎಂದು ನನ್ನ ಮೈದುನ ಸಂದೀಪ ಆಮೇಲೆ ಹೇಳಿದ. ಸಾವಿನ ಮನೆಯಲ್ಲಿ ಕಾರು ಕೇಳುವುದು ಹೇಗೆ?

ನಾನು ಕೆಳಗಿಳಿದಾಗ ಸಂದೀಪ ಆಗಲೇ ಕಾರು ಒರೆಸುತ್ತಿದ್ದ. ಇಷ್ಟು ದಿನ ಅವನೇ ಅದನ್ನು ಓಡಿಸಿದ್ದ. ಕುರ್ಲಾ ಸ್ಟೇಷನ್ನಿನಿಂದ ನೆಂಟರ ಸಾಮಾನು, ಬೊಜ್ಜಕ್ಕೆ ಬೇಕಾದ ಪಾತ್ರೆ, ಎಲೆ, ಹೂವು.

"ಅತ್ತಿಗೆ, ಇಲ್ಲಿ ನೋಡಿ, ಲೀಕೇಜ್ ನಿಂತಿದೆ! ಸುಕೇಶ್ ದಾದಾ ಸುಮ್ಮನೆ ಟೆನ್ಷನ್ ಮಾಡ್ತಿದ್ದ."

ನಾನು ಬಗ್ಗಿ ನೋಡಿದೆ. ರಟ್ಟಿನ ಮೇಲೆ ಹಳೆಯ ಕಲೆಗಳಿದ್ದವು. ಹೊಸ ಹನಿ ಒಂದೂ ಇರಲಿಲ್ಲ.

ಬಾನೆಟ್ ಎತ್ತಿಸಿದೆ. ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದೆ. ತುದಿ ಮಾತ್ರ ಒದ್ದೆಯಾಗಿತ್ತು. ಕೆಳಗಿನ ಗೆರೆಗೂ ಏನೂ ತಾಗಿರಲಿಲ್ಲ.

"ಸೋರಲು ಇದ್ದರೆ ತಾನೆ," ಎಂದೆ. "ಸ್ಟೇರಿಂಗ್ ಎದುರಿನ ಆಯಿಲಿನ ಕೆಂಪು ದೀಪ ಹತ್ತಲಿಲ್ಲವಾ?"

"ಹತ್ತುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಹತ್ತುವುದು, ಓಡುವಾಗ ಆರುವುದು. ನಾನು ಬ್ಯಾಟರಿ ಅಂದ್ಕೊಂಡೆ." ಅವನ ಮುಖ ಸಣ್ಣದಾಯಿತು. "ಎಂಜಿನ್ ಹೋಯ್ತಾ ಅತ್ತಿಗೆ?"

ಹೋಗಿದ್ದರೆ ಪೂವಪ್ಪಣ್ಣನಿಗೆ ಕೊಡಲು ನನ್ನ ಹತ್ತಿರ ಇನ್ನೊಂದು ಇರಲಿಲ್ಲ. ಅವರ ಅನ್ನ ಅದರ ಮೇಲಿತ್ತು.

ಸುಕೇಶ್ ದೊಡ್ಡ ಡಬ್ಬಿಯಿಂದ ಆಯಿಲನ್ನು ಹೋಟೆಲಿನ ಖಾಲಿ ಬಾಟಲಿಗೆ ತುಂಬಿಸಿಡುತ್ತಿದ್ದ. ಸುರಿಯಲು ಸುಲಭ. ಅದನ್ನು ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಹಿಂದೆ ಇಡುತ್ತಿದ್ದ. ಮೇಲೆ ಬಂದು ನೋಡಿದೆ. ಡಬ್ಬಿ ಬರಿದಾಗಿತ್ತು, ಬಾಟಲಿ ಇರಲಿಲ್ಲ. ಅಡಿಗೆಮನೆಯಲ್ಲೂ ಇರಲಿಲ್ಲ.

ಫೋಟೋ ಇಟ್ಟ ಸ್ಟೂಲಿನ ಕೆಳಗಿತ್ತು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಮೇಲೆ ಎಳ್ಳೆಣ್ಣೆಯ ಲೇಬಲ್. ಒಳಗಿನ ಬಣ್ಣವೂ ಎಳ್ಳೆಣ್ಣೆಯದೇ.

"ಅತ್ತೆ, ಇದನ್ನು ಇಲ್ಲಿಗೆ ಯಾರು ತಂದರು?"

"ಪಕ್ಕದ ಮನೆ ಮಹಾದೇವಿ. ಅವತ್ತು ದೀಪಕ್ಕೆ ಎಣ್ಣೆ ಕೊಡಿ ಅಂದೆ. ಅವಸರದಲ್ಲಿ ಹುಡುಕಿ ತಂದ್ಲು, ಪಾಪ. ಆಮೇಲೆ ಅದನ್ನೇ ಹಾಕ್ತಾ ಬಂದೆವು. ಅಡಿಗೆಗೆ ಎಣ್ಣೆ ಮುಟ್ಟುವ ಹಾಗಿಲ್ಲ, ಮತ್ತೆ ಬೇರೆ ಬಾಟಲಿ ಯಾಕೆ ಒಡೀಬೇಕು?"

ನಾನು ಬಾಟಲಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ಆ ದಿನಗಳಲ್ಲಿ ಮನೆ ತುಂಬ ಊದುಬತ್ತಿ, ಧೂಪ. ಯಾರ ಮೂಗಿಗೂ ತಿಳಿದಿರಲಿಲ್ಲ. ಒಗ್ಗರಣೆ ಹಾಕಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

"ಇದು ಕಾರಿಗೆ ಹಾಕುವ ಆಯಿಲ್ ಅತ್ತೆ. ದಪ್ಪ ಇರ್ತದೆ, ಬತ್ತಿಗೆ ಸರಿಯಾಗಿ ಏರುವುದಿಲ್ಲ. ಅದಕ್ಕೇ ದೀಪ ಆರುತ್ತಿತ್ತು."

ಅವರು ಬಾಟಲಿ ತೆಗೆದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು.

"ಭಾನುವಾರ ಅವನ ಬನಿಯನ್ ಹೀಗೇ ನಾರುತ್ತಿತ್ತು," ಎಂದರು. ಆಮೇಲೆ ಬಹಳ ಮೆಲ್ಲಗೆ, "ಹಾಗಾದರೆ ಅವನು ಆರಿಸಿದ್ದಲ್ವಾ?"

"ಅಲ್ಲ."

"ದೇವರೇ, ನನ್ನ ಮಗನ ತಲೆದಿಕ್ಕಿಗೆ ಗಾಡಿಯ ಎಣ್ಣೆ!" ಅವರು ನೆಲದ ಮೇಲೆ ಕುಳಿತರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೀರೆ ಬದಲಿಸಿ ಬಂದರು. "ನಾನೂ ಬರ್ತೇನೆ ಭಾಂಡುಪಿಗೆ," ಎಂದರು.

ಸಯನ್ ಸ್ಟೇಷನ್ನಿನ ಹತ್ತಿರದ ಅಂಗಡಿಯವನು ತೆಳು ಆಯಿಲ್ ಮುಂದಿಟ್ಟ. ಹೊಸದು, ಬಹಳ ಒಳ್ಳೆಯದು ಎಂದ. ಹಳೆಯ ಗಾಡಿ, ಸೋರುತ್ತದೆ, ದಪ್ಪದ್ದೇ ಬೇಕು ಎಂದೆ. "ಯಾವುದು, ಸುಕೇಶ್ ಸೇಠ್‌ವಾಲೀ ಗಾಡಿ? ಅವರೇ ಬರಲಿಲ್ಲವಾ?" ಎಂದ ಹಿಂದಿಯಲ್ಲಿ. ಇಲ್ಲ ಎಂದೆ. ದುಡ್ಡು ಎಣಿಸಿ ಕೊಟ್ಟೆ.

ಮನೆಯ ಕೆಳಗೆ ಮರಳಿ ಬಂದು, ಪೇಪರ್ ಸುತ್ತಿ ಕೊಳವೆ ಮಾಡಿ ಸುರಿದೆ. ಇಳಿಯಲು ಬಿಟ್ಟೆ. ಕಡ್ಡಿ ನೋಡಿದೆ. ಇನ್ನಷ್ಟು ಸುರಿದೆ. ಸಂದೀಪ ಉಗುರು ಕಚ್ಚುತ್ತ ನಿಂತಿದ್ದ. ಮೇಲಿನ ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿದೆ.

ಕೀ ತಿರುಗಿಸಿದಾಗ ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆ ಹಿಡಿದು ಬಡಿದ ಹಾಗೆ ಸದ್ದು ಬಂತು. ಹಿಂದಿನಿಂದ ನೀಲಿ ಹೊಗೆ. ವಾಚ್‌ಮನ್ ಕೆಮ್ಮಿ ಬೈದ. ಕೆಂಪು ದೀಪ ಹತ್ತಿಯೇ ಇತ್ತು. ಅದನ್ನೇ ನೋಡುತ್ತ ಕುಳಿತೆ. ಆರಿತು. ಬಡಿತ ನಿಧಾನಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ.

"ನಾನು ಓಡಿಸ್ಲಾ?" ಎಂದ ಸಂದೀಪ.

"ಬೇಡ."

ಸಂದೀಪ ಮನೆಯಲ್ಲೇ ಉಳಿದ. ಅತ್ತೆ ನನ್ನ ಪಕ್ಕ ಕುಳಿತರು. ಉಳಿದ ಆಯಿಲಿನ ಡಬ್ಬಿ ಅವರ ಮಡಿಲಲ್ಲಿತ್ತು. ಪ್ರತಿ ಸಿಗ್ನಲ್‌ನಲ್ಲಿ ಅವರು ಬಗ್ಗಿ ಡ್ಯಾಶ್‌ಬೋರ್ಡ್ ನೋಡುತ್ತಿದ್ದರು. "ಹತ್ತಲಿಲ್ಲ," ಎನ್ನುತ್ತಿದ್ದರು. ದೀಪ ಹತ್ತದಿರಲಿ ಎಂದು ಅವರು ಕಾಯುತ್ತಿದ್ದರು. ಘಾಟ್ಕೋಪರಿನಲ್ಲಿ ಬದಿಗೆ ನಿಲ್ಲಿಸಿ, ಎಂಜಿನ್ ತಣಿಯಲು ಬಿಟ್ಟು ಮತ್ತೆ ಕಡ್ಡಿ ನೋಡಿದೆ. ಗೆರೆಗಳ ನಡುವೆಯೇ ಇತ್ತು.

ಪೂವಪ್ಪಣ್ಣ ಸಾಲುಮನೆಗಳ ಚಾಳಿನಲ್ಲಿ ತಮ್ಮ ಬಾಗಿಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಕಂಡು ಏಳಲು ಹೋಗಿ ಮೊಣಕಾಲು ಹಿಡಿದುಕೊಂಡರು.

"ಎಂತ ಮಗಾ, ಇಷ್ಟು ಬೇಗ ಯಾಕೆ ತಂದದ್ದು? ವಾರಿಜಕ್ಕ, ಬನ್ನಿ ಒಳಗೆ," ಎಂದು ಅತ್ತೆಯನ್ನೂ ಕರೆದರು.

"ಅಣ್ಣಾ, ಮೊದಲು ಇದನ್ನು ಕೇಳಿ. ಗಾಡಿ ಆಯಿಲ್ ಇಲ್ಲದೆ ಓಡಿದೆ. ನಮ್ಮಿಂದಲೇ ಆದದ್ದು. ಒಳಗೆ ಎಷ್ಟು ಹಾಳಾಗಿದೆ ಗೊತ್ತಿಲ್ಲ."

ದೀಪದ ವಿಷಯವನ್ನು ಅತ್ತೆಯೇ ಹೇಳಿದರು. ಏನೂ ಬಿಡದೆ ಹೇಳಿದರು. ಪೂವಪ್ಪಣ್ಣ ಬಾಯಿ ತೆರೆದು ಕೇಳಿದರು.

"ಅಲ್ಲ ಮಾರಾಯ್ರೆ, ಗಾಡಿಗೆ ಯಾರಾದರೂ ಸೂತಕ ಹಿಡಿಸ್ತಾರಾ?"

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು. ಆದರೆ ಅತ್ತೆಗೆ ನಗು ಬಂದುಬಿಟ್ಟಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ನಾನು ಬಾನೆಟ್ ಕಡೆ ಹೋಗುತ್ತಿದ್ದ ಪೂವಪ್ಪಣ್ಣನ ಕೈಯನ್ನೇ ನೋಡುತ್ತಿದ್ದೆ.

ಪೂವಪ್ಪಣ್ಣ ಬಾನೆಟ್ ಎತ್ತಿ, ನನಗೆ ಎಂಜಿನ್ ಸ್ಟಾರ್ಟ್ ಮಾಡಲು ಹೇಳಿ, ತಲೆ ಬಗ್ಗಿಸಿ ಕೇಳಿದರು. ಬಹಳ ಹೊತ್ತು ಕೇಳಿದರು.

"ಒಂದು ಸದ್ದು ಉಂಟು. ಮೊದಲು ಇರಲಿಲ್ಲ."

"ನಾಳೆ ಮುಲುಂಡಿಗೆ ಹೋಗ್ತದಾ ಅಣ್ಣಾ?"

"ನಾಳೆ ಹೋಗ್ತದೆ. ಎಷ್ಟು ದಿನ ಹೋಗ್ತದೆ ಅಂತ ಮಾತ್ರ ಕೇಳಬೇಡ. ಅವನು ಇದ್ದಾಗಲೂ ನಾನು ಅದನ್ನು ಹೇಳ್ತಿರಲಿಲ್ಲ."

ಎಂಜಿನ್ ಆರಿಸಿದೆ. ಅವರು ಒಳಗಿನಿಂದ ಒಂದು ರಟ್ಟು ತಂದು ಕೋಲಿನಿಂದ ಕಾರಿನ ಕೆಳಗೆ ತಳ್ಳಿದರು. ನಾವು ಮೂವರೂ ಬಗ್ಗಿ ನೋಡುತ್ತ ನಿಂತೆವು. ಚಾಳಿನ ಹೆಂಗಸೊಬ್ಬಳು ಏನು ಕಳೆಯಿತು ಎಂದು ಕೇಳಿದಳು.

ಹನಿ ಬಿತ್ತು. ಸ್ವಲ್ಪ ತಡೆದು ಇನ್ನೊಂದು.

"ಹ್ಞಾಂ, ಹೊಟ್ಟೆಯಲ್ಲಿ ಎಣ್ಣೆ ಉಂಟು," ಎಂದರು ಪೂವಪ್ಪಣ್ಣ.

ನಾನು ಸೀಟಿನ ಮೇಲಿನ ಟವೆಲ್ ತೆಗೆದು ಮಡಚಿ ಅತ್ತೆಗೆ ಕೊಟ್ಟೆ. ಕೀ ಗೊಂಚಲಿನಲ್ಲಿ ನಮ್ಮ ಮನೆಯ ಕೀಯೂ ಇತ್ತು, ಸುಕೇಶನದು. ರಿಂಗ್ ಬಿಗಿಯಾಗಿತ್ತು. ಉಗುರು ಮುರಿಯಿತು. ಕೊನೆಗೆ ಅದನ್ನು ಬಿಡಿಸಿಕೊಂಡು, ಕಾರಿನ ಕೀಯನ್ನು ಪೂವಪ್ಪಣ್ಣನ ಕೈಯಲ್ಲಿ ಇಟ್ಟೆ.